ಭಾವ ಲೋ ವಿಸಲ್ ಕೊಂಡದ್ದು

ಎಲ್ಲರೂ ಸಾಮಾನನ್ನು ನೋಡಿ ಕೊಳ್ಳುತ್ತಾರೆ. ನಮ್ಮ ಭಾವ ಕೇಳಿ ಕೊಳ್ಳುತ್ತಿದ್ದರು. ಬೆಲೆ ಕೇಳಿ ಅಲ್ಲ, ಸಾಮಾನಿನ ದನಿ ಕೇಳಿ. ಟೇಬಲ್ ಫ್ಯಾನ್ ಬೇಕೆಂದು ಹೊರಟರೆ ಅಂಗಡಿಯಲ್ಲಿದ್ದ ಫ್ಯಾನುಗಳನ್ನೆಲ್ಲ ತಿರುಗಿಸಿ, ಕಣ್ಣು ಮುಚ್ಚಿ ನಿಂತು, ಕೊನೆಗೆ ಇದು ಮೂಗಿನಲ್ಲಿ ಹಾಡುತ್ತದೆ ಎಂದು ಬರಿಗೈಯಲ್ಲಿ ಬರುತ್ತಿದ್ದರು. ಊರಿನಿಂದ ತಂದ ಕುಕ್ಕರಿನ ಶ್ರುತಿ ಸರಿಯಿಲ್ಲವೆಂದು ಅದರ ವೆಯ್ಟನ್ನೇ ಬದಲಾಯಿಸಿದ್ದರು. ಬೇಳೆ ಬೆಂದರೆ ಸಾಲದೇ ಎಂದು ಅಕ್ಕ ಕೇಳಿದ್ದಕ್ಕೆ, ಬೇಳೆಯನ್ನು ಒಂದು ಸಲ ತಿನ್ನುತ್ತೇವೆ, ಕೂಗನ್ನು ದಿನವೂ ಕೇಳುತ್ತೇವೆ ಎಂದಿದ್ದರಂತೆ. ಇಂಥವರ ಸಿಂಗಪುರದ ಕ್ಲೆಮೆಂಟಿಯ ಫ್ಲ್ಯಾಟಿನಲ್ಲಿ, ಪಕ್ಕದ ರೂಮಿನಲ್ಲಿ ನಾನು ವರ್ಷಗಟ್ಟಲೆ ಗೊರಕೆ ಹೊಡೆದಿದ್ದೇನೆ. ಅವರು ಒಂದು ಮಾತೂ ಆಡಲಿಲ್ಲ. ಭಾಮೈದನಾಗಿ ಹುಟ್ಟುವುದಕ್ಕೂ ಪುಣ್ಯ ಬೇಕು.

ಇದು ತೊಂಬತ್ತರ ದಶಕದ ಮಾತು. ಉಡುಪಿ ಕಡೆಯ ಭಾವ ಸಿಂಗಪುರದ ಹಡಗು ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರ್. ಮೈಸೂರಿನವಳಾದ ಅಕ್ಕ ಅವರನ್ನು ಮೆಚ್ಚಿ ಮದುವೆಯಾದದ್ದು ಅವರ ಕೊಳಲಿಗಾಗಿ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕ ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಅವಳಿಗೆ ಸಂಗೀತ ತಿಳಿಯದು. ಭಾವ ಊದುತ್ತಿದ್ದಾಗ ಸೊಪ್ಪು ಬಿಡಿಸುತ್ತ ಪಕ್ಕದಲ್ಲಿ ಕೂತಿರುತ್ತಿದ್ದಳು, ಅಷ್ಟೆ.

ಒಂದು ಬೆಳಿಗ್ಗೆ ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತ ಭಾವ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖದ ಎಡಭಾಗ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ನರ ಊದಿಕೊಂಡಿದೆ, ಪ್ರಾಣಕ್ಕೆ ಭಯವಿಲ್ಲ, ನಿಧಾನವಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಹಾಗೆಯೇ ಕೆಲವು ತಿಂಗಳಲ್ಲಿ ಕಣ್ಣು ಸರಿಹೋಯಿತು, ಮಾತೂ ಸರಿಹೋಯಿತು. ತುಟಿಯ ಎಡತುದಿ ಮಾತ್ರ ಬಿಗಿಯಾಗಲಿಲ್ಲ. ಕೊಳಲಿಗೆ ತುಟಿಯನ್ನು ಕೂದಲೆಳೆಯಷ್ಟು ತೆರೆದು ಗಾಳಿಯನ್ನು ಗುರಿಯಿಟ್ಟು ಬಿಡಬೇಕು. ಭಾವ ಊದಿದರೆ ಬರಿಯ ಉಸಿರು ಕೇಳಿಸುತ್ತಿತ್ತು. ಎರಡು ವಾರ ಪ್ರಯತ್ನಿಸಿ, ಕೊಳಲನ್ನು ಬಟ್ಟೆಯ ಚೀಲಕ್ಕೆ ಹಾಕಿ ಬೀರುವಿನ ಮೇಲಿಟ್ಟರು.

ಅಕ್ಕ ಅದಕ್ಕೆ ಅಳಲಿಲ್ಲ. ಅವಳು ಹೆದರಿದ್ದು ಇನ್ನೊಂದು ದಿನ. ರೂಮಿನ ಫ್ಯಾನ್ ಕೆಟ್ಟಿತ್ತು. ಭಾವ ಕೆಳಗಿನ ಅಂಗಡಿಗೆ ಹೋಗಿ ಹತ್ತೇ ನಿಮಿಷದಲ್ಲಿ ಹೊಸದನ್ನು ತಂದರು. ಸ್ವಿಚ್ಚೂ ಹಾಕಿ ನೋಡಿರಲಿಲ್ಲ. ಅದು ಗಡಗಡ ಎನ್ನುತ್ತಿದ್ದರೂ ಅದರ ಮುಂದೆ ಕೂತು ಪೇಪರ್ ಓದಿದರು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, ಇವರಿಗೆ ಏನೋ ಆಗಿದೆ ಕಣೋ ಎಂದಳು.

ಹೀಗಿರುವಾಗ ಭಾವನ ಆಫೀಸಿನ ಐರ್ಲೆಂಡಿನ ಎಂಜಿನಿಯರೊಬ್ಬರು ಪಾಸಿರ್ ರಿಸ್‌ನ ಸಮುದ್ರದ ದಂಡೆಗೆ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಅವರು ಮಾಂಸ ಸುಡುತ್ತಿದ್ದರೆ ನಾವು ಅಕ್ಕ ಕಟ್ಟಿ ತಂದಿದ್ದ ಮೊಸರನ್ನ ತಿಂದೆವು. ಊಟ ಮುಗಿಯುತ್ತ ಬಂದಾಗ ಅವರು ಕೊಳಾಯಿಯ ಪೈಪಿನಂಥದ್ದೊಂದನ್ನು ತೆಗೆದರು. ಮೊಳಕ್ಕಿಂತ ಉದ್ದ, ಆರು ತೂತು, ತುದಿಗೆ ಪೀಪಿಯಂಥ ಬಾಯಿ. ಅದನ್ನು ನೇರ ಕೆಳಮುಖವಾಗಿ ಹಿಡಿದು ಊದಿದರು. ಅವರ ಊರಿನ ಹಳೆಯ ಹಾಡಂತೆ. ಇಷ್ಟು ತಗ್ಗಿದ, ಇಷ್ಟು ದುಂಡಗಿನ ದನಿ ಆ ಪೈಪಿನೊಳಗೆ ಎಲ್ಲಿತ್ತೋ! ಅದರ ಹೆಸರು ಲೋ ವಿಸಲ್.

ಭಾವ ತಟ್ಟೆ ಕೆಳಗಿಟ್ಟು ಎದ್ದರು. ಕೈ ತೊಳೆದು ಬಂದು, ಒಮ್ಮೆ ಕೊಡುತ್ತೀರಾ ಎಂದು ಕೇಳಿದರು. ಇದಕ್ಕೆ ತುಟಿಯ ಗುರಿ ಬೇಡ. ಊದಿದ ಗಾಳಿಯನ್ನು ಅದರ ಬಾಯಿಯೇ ದಾರಿಗೆ ಹಚ್ಚುತ್ತದೆ. ಭಾವ ಊದಿದರು. ದನಿ ಬಂತು. ಒಂದೇ ಸ್ವರ, ಅದೂ ಅಲುಗಾಡುವ ಸ್ವರ. ಆಮೇಲೆ ಅವರು ಪೈಪನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ತಟ್ಟಿ ನೋಡಿದರು. ಅಕ್ಕ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕಳು.

ಅಲ್ಲಿಂದ ಹುಡುಕಾಟ ಶುರುವಾಯಿತು. ಶನಿವಾರ ಭಾನುವಾರ ನಾನೂ ಅವರೂ ಸಂಗೀತದ ಅಂಗಡಿಗಳನ್ನು ಅಲೆದೆವು. ಎಲ್ಲ ಕಡೆಯೂ ಗೇಣುದ್ದದ ತಗಡಿನ ವಿಸಲ್ ತೋರಿಸುತ್ತಿದ್ದರು. ಇನ್ನೂ ದೊಡ್ಡದು ಬೇಕೆಂದರೆ ಶಾಲೆಯ ಮಕ್ಕಳ ರೆಕಾರ್ಡರ್ ಕೊಡುತ್ತಿದ್ದರು. ಅಂಗಡಿಯ ಹುಡುಗಿಯೊಬ್ಬಳು ಸಿಂಗಪುರದ ಧಾಟಿಯಲ್ಲಿ, "ಬಿಗ್ ಸೌಂಡ್ ಇದೇ ಲಾ, ಅಂಕಲ್" ಎಂದು ಫುಟ್‌ಬಾಲ್ ರೆಫರಿಯ ಸೀಟಿ ತಂದಿಟ್ಟಳು. ಭಾವ ಅದನ್ನೂ ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಒಳಗಿನ ಗುಂಡು ಚೆನ್ನಾಗಿದೆ ಎಂದು ಗಂಭೀರವಾಗಿ ಹೇಳಿ ವಾಪಸು ಕೊಟ್ಟರು.

ವಿಸಲ್ ಸಿಗುವ ಮೊದಲೇ ಅಭ್ಯಾಸವೂ ಶುರುವಾಯಿತು. ಅದರ ತೂತುಗಳು ದೂರದೂರ. ಬೆರಳ ತುದಿ ಎಟುಕದು, ನಡುಗೆಣ್ಣಿನಿಂದ ಮುಚ್ಚಬೇಕು. ಭಾವ ಎಂಆರ್‌ಟಿ ರೈಲಿನಲ್ಲಿ ಮಡಿಸಿದ ಛತ್ರಿಯನ್ನು ಎದೆಗೆ ನೆಟ್ಟಗೆ ಹಿಡಿದು ಬೆರಳು ಆಡಿಸುತ್ತಿದ್ದರು. ಎದುರು ಕೂತ ಚೀನೀ ಅಜ್ಜಿಯೊಬ್ಬರು ಮೆಲ್ಲನೆ ಎದ್ದು ಬೇರೆ ಬೋಗಿಗೆ ಹೋದರು. ನನಗೂ ಹೋಗಬೇಕೆನ್ನಿಸಿತ್ತು.

ಕೊನೆಗೆ ಐರ್ಲೆಂಡಿನ ಗೆಳೆಯರೇ ಸುದ್ದಿ ತಂದರು. ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಅವರ ದೇಶದ ಮೇಷ್ಟ್ರೊಬ್ಬರು ಊರಿಗೆ ವಾಪಸು ಹೊರಟಿದ್ದಾರೆ, ಅವರ ಬಳಿ ಎರಡು ಲೋ ವಿಸಲ್ ಇವೆ, ಒಂದನ್ನು ಮಾರುತ್ತಾರೆ ಎಂದು. ಆ ದಿನ ಅಕ್ಕನೂ ಬಂದಳು.

ಮೇಷ್ಟ್ರ ಮನೆಯಲ್ಲಿ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಭಾವ ಪರೀಕ್ಷೆಗೆ ಇಳಿದರು. ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ್ದು. ಎಲ್ಲಕ್ಕಿಂತ ಕೆಳಗಿನ ಸ್ವರವನ್ನು ಮೆಲ್ಲಗೆ ಊದಿ ಅದು ನಿಲ್ಲುತ್ತದೆಯೋ ನೋಡಿದರು. ಮೇಲಿನ ಸ್ಥಾಯಿಗೆ ಹೋಗಿ ಅದು ಕಿರುಚುತ್ತದೆಯೋ ನೋಡಿದರು. ಉಸಿರಿನ ತೇವಕ್ಕೆ ಅದರ ಗಂಟಲು ಕಟ್ಟುತ್ತದೆಯೋ ತಿಳಿಯಬೇಕೆಂದು ಬಿಡದೆ ಊದಿದರು. ಮೇಷ್ಟ್ರು ಚಹಾ ತಂದರು, ಅದು ಆರಿತು, ಮತ್ತೆ ತಂದರು.

ಕಪ್ಪು ವಿಸಲಿನ ಬಾಯಿ ಕಿರಿದು. ಭಾವನ ತುಟಿಗೆ ಸರಿಯಾಗಿ ಕೂರುತ್ತಿತ್ತು. ಆದರೆ ಅದರ ಮೇಲಿನ ಸ್ವರಗಳು ಒಣಕಲು. ಬೆಳ್ಳಿಯದರ ದನಿ ಕೇಳಿ ನಾನು ಕೂಡ ನೆಟ್ಟಗೆ ಕೂತೆ. ಆದರೆ ಅದರ ಬಾಯಿ ಅಗಲ. ಕೆಳಗಿನ ಸ್ವರಕ್ಕೆ ಇಳಿದಾಗಲೆಲ್ಲ ತುಟಿಯ ಎಡತುದಿಯಿಂದ ಗಾಳಿ ಸೋರಿ ದನಿ ಕುಸಿಯುತ್ತಿತ್ತು. ಭಾವ ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, ಕಪ್ಪು ಬಣ್ಣದ್ದನ್ನೇ ಕೊಡಿ ಎಂದರು. ಹೊಸಬರಿಗೆ ಅದೇ ಸುಲಭ ಎಂದು ಮೇಷ್ಟ್ರೂ ಒಪ್ಪಿದರು.

ಆಗ ಅಕ್ಕ ಕೇಳಿದಳು: "ಯಾವ್ದು ಚೆನ್ನಾಗಿದೆ? ನಿಜ ಹೇಳಿ."

"ಬೆಳ್ಳಿದು. ಆದ್ರೆ ಅದು ನನ್ನಿಂದ ಆಗುದಿಲ್ಲ ಮಾರಾಯ್ತಿ."

ಅಕ್ಕ ಎದ್ದು ಅವರ ಎಡಕ್ಕೆ ಹೋಗಿ ಕೂತಳು. ಬೀದಿಯಲ್ಲಿ ಗಂಡನ ಕೈ ಹಿಡಿದು ನಡೆಯಲೂ ನಾಚುವವಳು, ಗುರುತು ಪರಿಚಯವಿಲ್ಲದವರ ಮನೆಯಲ್ಲಿ, ನಮ್ಮೆಲ್ಲರ ಎದುರಿಗೆ, ತೋರುಬೆರಳನ್ನು ಅವರ ತುಟಿಯ ತುದಿಗೆ ಒತ್ತಿ ಹಿಡಿದು ಹೇಳಿದಳು: "ಈಗ ಊದಿ."

ಭಾವ ಊದಿದರು. ಕೆಳಗಿನ ಸ್ವರ ಒಡೆಯದೆ, ಸೋರದೆ ಕೋಣೆ ತುಂಬಿ ನಿಂತಿತು. ಮೇಷ್ಟ್ರು ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಪೆಟ್ಟಿಗೆಯ ಮೇಲಿಟ್ಟರು. ನಾನು ಕಿಟಕಿಯ ಕಡೆ ನೋಡಿದೆ.

ಬೆಳ್ಳಿಯದೇ ನಮ್ಮ ಮನೆಗೆ ಬಂತು. ದಿನವೂ ಸಂಜೆ ಸೋಫಾದ ಮೇಲೆ ಭಾವ, ಅವರ ಎಡಕ್ಕೆ ಅಕ್ಕ. ಅವಳ ಒಂದು ಕೈಯಲ್ಲಿ ವಾರಪತ್ರಿಕೆ, ಇನ್ನೊಂದು ಕೈಯ ಬೆರಳು ಗಂಡನ ತುಟಿಯ ಮೇಲೆ. ಪುಟ ತಿರುಗಿಸುವಾಗ ಸ್ವರ ಕುಸಿಯುತ್ತಿತ್ತು. ಕ್ರಮೇಣ ಅವಳು ಸ್ವರ ಮುಗಿದ ಮೇಲೆಯೇ ಪುಟ ತಿರುಗಿಸುವುದನ್ನು ಕಲಿತಳು.

ಬಹಳ ತಿಂಗಳ ಮೇಲೆ ಒಂದು ಭಾನುವಾರ ನಾನು ಬೇಗ ಮನೆಗೆ ಬಂದೆ. ಅಕ್ಕ ತರಕಾರಿಗೆ ಹೋಗಿದ್ದಳು. ಭಾವ ಒಬ್ಬರೇ ಕೂತು ಊದುತ್ತಿದ್ದರು. ಎಲ್ಲಕ್ಕಿಂತ ಕೆಳಗಿನ ಸ್ವರ, ಉದ್ದಕ್ಕೆ, ಎಲ್ಲಿಯೂ ಸೋರದೆ. ತುಟಿ ತಾನಾಗಿಯೇ ಬಿಗಿದುಕೊಂಡಿತ್ತು. ನನ್ನನ್ನು ಕಂಡು ನಿಲ್ಲಿಸಿದರು.

"ಭಾವ, ಪೂರ್ತಿ ಸರಿಹೋಗಿದೆಯಲ್ಲ!"

"ಸರಿಹೋಗಿ ಸ್ವಲ್ಪ ದಿನ ಆಯ್ತು," ಎಂದರು. "ನಿನ್ನ ಅಕ್ಕನಿಗೆ ಹೇಳ್ಬೇಡ."

ಬಾಗಿಲಲ್ಲಿ ಬೀಗದ ಕೈಯ ಸದ್ದಾಯಿತು. ಭಾವ ಸೋಫಾದಲ್ಲಿ ಬಲಕ್ಕೆ ಸರಿದು, ಎಡಗಡೆ ಜಾಗ ಮಾಡಿ ಕೂತರು.