ಖಾರದ ಗಾಡಿ ಎತ್ತರವಾದದ್ದು

ಒಂದು ವಿಷಯವನ್ನು ಮೂವತ್ತು ವರ್ಷ ಪಾಠ ಮಾಡಿದವರಿಗೆ ಅದು ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಪಾಠ ಮಾಡಿದವರೂ ನಂಬಿರುತ್ತಾರೆ. ತೊಂದರೆ ಇರುವುದೇ ಅಲ್ಲಿ. ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪ್ರತಿ ವರ್ಷ ಬೆರಳುದ್ದದ ಒಂದು ಸ್ಪ್ರಿಂಗನ್ನು ಮೊಳೆಗೆ ನೇತುಹಾಕಿ, ಅದಕ್ಕೆ ತೂಕದ ಬಟ್ಟು ಸಿಕ್ಕಿಸಿ, "ನೋಡ್ರಿ, ಭಾರ ಹೆಚ್ಚಾದಂಗ ಸ್ಪ್ರಿಂಗ್ ಅಷ್ಟಷ್ಟ ಇಳೀತದ" ಎಂದು ಹೇಳಿ ಕೈ ಝಾಡಿಸಿಕೊಳ್ಳುತ್ತಿದ್ದೆ. ಅಷ್ಟಕ್ಕೆ ಆ ಪಾಠ ಮುಗಿಯುತ್ತಿತ್ತು. ಅದೇ ಸ್ಪ್ರಿಂಗು ಒಂದು ದಿನ ದೊಡ್ಡ ವ್ಯಾನೊಂದರ ಅಡಿಯಲ್ಲಿ ಕೂತು ನನ್ನನ್ನೇ ಪರೀಕ್ಷೆ ಮಾಡುತ್ತದೆ ಎಂದು ನಾನು ಎಣಿಸಿರಲಿಲ್ಲ.

ಆ ವ್ಯಾನು ನನ್ನ ನೆಗೆಣ್ಣಿ ಲಕ್ಷ್ಮಿಯದು. ನನ್ನ ಗಂಡನ ತಮ್ಮನ ಹೆಂಡತಿ, ಕವಿತಾಳದಾಕೆ. ವ್ಯಾನಿನ ಹಿಂದೆ ಖಾರ ಕುಟ್ಟುವ ಯಂತ್ರ, ಅದನ್ನು ತಿರುಗಿಸಲು ಒಂದು ಡೀಸೆಲ್ ಎಂಜಿನ್, ಜರಡಿಗಳು, ಡಬ್ಬಿಗಳು. ಬೇಸಿಗೆ ಬಂತೆಂದರೆ ಮಾನ್ವಿ, ದೇವದುರ್ಗದ ಊರೂರಿಗೆ ಹೋಗಿ, ಮನೆ ಬಾಗಿಲಲ್ಲೇ ವರ್ಷದ ಖಾರ ಕುಟ್ಟಿಕೊಡುತ್ತಾಳೆ. ಗಾಡಿ ಓಡಿಸುವವಳೂ ಅವಳೇ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಬೇಸರವಾಗಿ ನಾನೂ ಜೊತೆಗೆ ಸೇರಿಕೊಂಡೆ. ಜರಡಿ ಹಿಡಿಯುವುದು ನನ್ನ ಕೆಲಸ. ಮೊದಲ ವಾರ ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳು ನನ್ನ ಕೆಂಪು ಕಣ್ಣು, ಸುರಿಯುವ ನೀರು ನೋಡಿ, ಶಾಲೆ ಬಿಟ್ಟ ದುಃಖ ಇನ್ನೂ ಆರಿಲ್ಲವೆಂದುಕೊಂಡು ಸಮಾಧಾನ ಹೇಳಿದರು. ಅವರ ಭಕ್ತಿ ಕೆಡಿಸಬಾರದೆಂದು ನಾನೂ ಕಣ್ಣೊರೆಸಿಕೊಂಡೆ. ನನ್ನ ಯಜಮಾನರು ಮಾತ್ರ, "ನೀ ಓಣ್ಯಾಗ ಕಾಲಿಟ್ಟಿದ್ದು ನನ್ನ ಮೂಗಿಗೆ ಮೊದ್ಲ ಗೊತ್ತಾಗತದ" ಎನ್ನುತ್ತಾ ಸೀನುತ್ತಾರೆ.

ಎಲ್ಲ ಚೆನ್ನಾಗಿಯೇ ಇತ್ತು, ಗಾಡಿಯ ಹೊಟ್ಟೆಯೊಂದನ್ನು ಬಿಟ್ಟು. ಭಾರಕ್ಕೆ ಅದು ಜೋತುಬಿದ್ದಿತ್ತು. ಪ್ರತಿ ರಸ್ತೆಯುಬ್ಬಿಗೂ ಒಮ್ಮೆ ಕರಕರ ಎಂದು ಉಜ್ಜಿಯೇ ಮುಂದೆ ಹೋಗುವುದು. ಹೋದ ಬೇಸಿಗೆಯಲ್ಲಿ ಗಬ್ಬೂರಿನಾಚೆ ಒಂದು ಹಳ್ಳ ದಾಟಲು ಹೋಗಿ, ದಂಡೆಯ ಅಂಚಿಗೆ ಹೊಟ್ಟೆ ಆನಿಸಿ ಗಾಡಿ ಕೂತೇಬಿಟ್ಟಿತು. ಹಳ್ಳದಾಚೆ ಒಂದು ಸಣ್ಣ ಊರು. ಅಲ್ಲಿಯ ಹೆಂಗಸರು ಕಾದು ಕಾದು, ಕೊನೆಗೆ ಮೆಣಸಿನಕಾಯಿ ಗಂಟು ತಲೆಯ ಮೇಲೆ ಹೊತ್ತು ಕಲ್ಲು ತುಳಿದುಕೊಂಡು ತಾವೇ ಬಂದರು. ಎಲ್ಲರಿಗಿಂತ ಹಿಂದೆ ಬಂದ ಮುದುಕಿ ಅಂಬವ್ವ ಗಂಟು ಇಳಿಸಿ, ಉಸಿರು ಎಳೆದುಕೊಂಡು, "ಮನಿ ಮುಂದ ಗಾಡಿ ಬರತದ ಅಂದಿದ್ರು. ಗಾಡಿ ಮುಂದ ನಾವ ಬಂದ್ವಿ ನೋಡು ಯವ್ವಾ" ಎಂದಳು. ಬೈದಿದ್ದರೆ ಸಹಿಸಬಹುದಿತ್ತು, ಆಕೆ ನಕ್ಕಳು. ನನಗೆ ತಡೆಯಲಾಗಲಿಲ್ಲ. "ಮುಂದಿನ ಬ್ಯಾಸಿಗ್ಯಾಗ ನಿನ್ನ ಬಾಗಿಲಿಗೇ ಗಾಡಿ ತರ್ತೀವಿ ಯವ್ವಾ" ಎಂದು ಮಾತು ಕೊಟ್ಟುಬಿಟ್ಟೆ. ಹಿಂತಿರುಗುವಾಗ ಲಕ್ಷ್ಮಿ ಕೇಳಿದಳು: "ಅಕ್ಕಾ, ಮಾತು ನಿಂದು, ಗಾಡಿ ನಂದು. ಹೆಂಗ ಮಾಡೂದು?"

"ವಿಜ್ಞಾನ ಅದ, ಚಿಂತಿ ಯಾಕ?" ಎಂದೆ.

ವಿಜ್ಞಾನದ ಮೊದಲ ಹೆಜ್ಜೆಯಾಗಿ ರಾಯಚೂರಿನ ಅಂಗಡಿಯೊಂದರಲ್ಲಿ ಇದ್ದುದರಲ್ಲೇ ದೊಡ್ಡ ಟೈರುಗಳನ್ನು ಆರಿಸಿದೆ. ಹಳೆಯವಕ್ಕಿಂತ ನಾಲ್ಕು ಇಂಚು ಎತ್ತರ. "ಹೊಟ್ಟಿ ನಾಲ್ಕು ಇಂಚು ಮ್ಯಾಲೆ ಹೋತು ಅಂತ ತಿಳಕೋ" ಎಂದು ಲಕ್ಷ್ಮಿಗೆ ಭರವಸೆ ಕೊಟ್ಟೆ. ಹಾಕಿಸಿದ ಮೇಲೆ ಫೂಟ್‌ಪಟ್ಟಿ ಹಿಡಿದು ನೋಡಿದರೆ ಎರಡೇ ಇಂಚು. ಉಳಿದೆರಡು ಇಂಚು ಚಕ್ರದ ಅಚ್ಚಿನ ಮೇಲೆ ಹೋಗಿ ಕೂತಿದ್ದವು. ವ್ಯಾಸಕ್ಕೂ ತ್ರಿಜ್ಯಕ್ಕೂ ವ್ಯತ್ಯಾಸ ತಿಳಿಯದೆ ಬರೆದ ಮಕ್ಕಳ ಅಂಕವನ್ನು ನಾನು ಎಷ್ಟು ನಿಷ್ಠುರವಾಗಿ ಕತ್ತರಿಸಿದ್ದೆನೋ, ಆ ಮಕ್ಕಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತರು. ಮರುದಿನ ದೇವದುರ್ಗದ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಲಕ್ಷ್ಮಿ ಸ್ಟೇರಿಂಗ್ ತಿರುಗಿಸಿದಳು, ಟೈರು ಒಳಗಿನ ತಗಡಿಗೆ ಉಜ್ಜಿ ಹಿಡಿದ ಹಂದಿಯಂತೆ ಕಿರುಚಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಒಬ್ಬ ಕಂಡಕ್ಟರು ಬಗ್ಗಿ ನೋಡಿ, "ಅಮ್ಮಾರ, ಗಾಡಿಗೆ ಅಳತಿ ತಪ್ಪಿದ ಬೂಟು ಹಾಕೀರಿ" ಎಂದ. ಒಂದೇ ದಿನ ಓಡಿದ್ದರಿಂದ ಅಂಗಡಿಯವನು ಪುಣ್ಯಕ್ಕೆ ಬದಲಿಸಿ ಕೊಡಲು ಒಪ್ಪಿದ.

ಕೊನೆಗೆ ಮಾನ್ವಿಯ ಮೆಹಬೂಬ್ ಮೇಸ್ತ್ರಿಯ ಹತ್ತಿರ ಹೋದೆವು. ಭಾರದ ಗಾಡಿಗಳಿಗೆ ಕಮಾನ್ ಪಟ್ಟಿ, ಅಂದರೆ ಪಟ್ಟಿಯ ಸ್ಪ್ರಿಂಗು, ಕಟ್ಟುವುದರಲ್ಲಿ ಹೆಸರಾದವರು. ಹಿಂದಿನ ಚಕ್ರದ ಮೇಲೆ ಒಂದರ ಮೇಲೊಂದು ಕಟ್ಟಿದ ಉಕ್ಕಿನ ಪಟ್ಟಿಗಳನ್ನು ಕೈಯಿಂದ ಸವರಿ ಹೇಳಿದರು: "ಕಮಾನು ಅಂದ್ರ ಬಿಲ್ಲಿನಂಗ ಬಾಗಿರಬೇಕ್ರೀ ಟೀಚರ್. ಇದು ನಿಮ್ಮ ಕೈಯಾಗಿನ ಫೂಟ್‌ಪಟ್ಟಿ ಆಗ್ಯದ. ಟೈರು ಗಾಡೀನ ಬರೇ ಎತ್ತತದ. ಹೊರೂದು ಕಮಾನು."

"ಹಂಗಾದ್ರ ಇನ್ನೂ ನಾಕು ಪಟ್ಟಿ ಸೇರಿಸ್ರಿ" ಎಂದೆ.

"ನಾಕು ಸೇರಿಸಿದ್ರ ಎತ್ತಿನ ಬಂಡಿ ಆಗತದ. ನಿಮ್ಮ ಬೆನ್ನು ತಡಿಯಂಗಿಲ್ಲ. ಹಿಂದ ಭಾರ ಎಷ್ಟದ, ತೂಗೀರೇನು?"

ತೂಗಿರಲಿಲ್ಲ. ತೂಗದೆ ಉತ್ತರ ಬರೆಯಬಾರದೆಂದು ಮೂವತ್ತು ವರ್ಷ ಹೇಳಿದವಳು, ಯಂತ್ರ ಇಷ್ಟಿರಬಹುದು, ಎಂಜಿನ್ ಅಷ್ಟಿರಬಹುದು ಎಂದು ಗಾಳಿಯಲ್ಲಿ ಕೂಡಿಸಿದ್ದೆ. ಲಕ್ಷ್ಮಿ ಆ ಕಡೆ ಮುಖ ತಿರುಗಿಸಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ನಕ್ಕಿದ್ದಳೆಂದು ನನಗೆ ಗೊತ್ತು.

ಮರುದಿನ ಒಂದು ಹತ್ತಿ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಗಾಡಿ ಹತ್ತಿಸಿದೆವು. ಮೊದಲು ಪೂರ್ತಿ ಗಾಡಿ, ಆಮೇಲೆ ಹಿಂದಿನ ಚಕ್ರಗಳಷ್ಟೇ. ಚೀಟಿ ನೋಡಿದೆ: ಭಾರದ ಮುಕ್ಕಾಲು ಪಾಲು ಹಿಂದೆಯೇ ಇತ್ತು. ಹಿಂದಿನ ಬಾಗಿಲು ತೆರೆದು ನೋಡುತ್ತಾ ನಿಂತೆ. ಯಂತ್ರವೂ ಎಂಜಿನ್ನೂ ಬಾಗಿಲಿಗೆ ಅಂಟಿಕೊಂಡು, ಹಿಂದಿನ ಅಚ್ಚಿಗಿಂತಲೂ ಆಚೆ ಕೂತಿದ್ದವು. ಏರಿಳಿಯುವ ಹಲಗೆಯ ತುದಿಯಲ್ಲಿ ದಪ್ಪನೆಯ ಹುಡುಗನನ್ನು ಕೂರಿಸಿ ಪಾಠ ಮಾಡಿದ್ದು ನೆನಪಾಯಿತು. ನೇರ ಮಾನ್ವಿಗೆ ಹೋಗಿ, "ಮೇಸ್ತ್ರಿ, ಪಟ್ಟಿ ಆಮ್ಯಾಲೆ. ಮೊದ್ಲ ಯಂತ್ರಾನ ಒಂದು ಮೊಳ ಮುಂದಕ್ಕ ಸರಿಸೂಣು" ಎಂದೆ.

ಅವರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಬೋಲ್ಟು ಬಿಚ್ಚಿ, ಜನ ಹಚ್ಚಿ, ಸರಿಸಿದರು. ಒಂದು ಪಟ್ಟಿಯನ್ನೂ ಸೇರಿಸದೆ ಗಾಡಿಯ ಹಿಂಭಾಗ ಎರಡು ಬೆರಳು ಮೇಲೆದ್ದಿತು. ಮೇಸ್ತ್ರಿ ಸುತ್ತ ಒಮ್ಮೆ ನಡೆದು ಬಂದು, "ನನ್ನ ಹಂತ್ಯಾಕ ಬಂದವರೆಲ್ಲ ಗಾಡಿ ಎತ್ರಿ ಅಂತಾರ. ಭಾರ ಸರಿಸ್ರಿ ಅಂದವರು ನೀವ ಮೊದಲ್ರೀ" ಎಂದರು. ಬೀಳ್ಕೊಡುಗೆ ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದ್ದರು. ಆ ಶಾಲು ಈ ಮಾತಿನಷ್ಟು ಬೆಚ್ಚಗಿರಲಿಲ್ಲ.

ಆಮೇಲೆ ಎಲ್ಲ ಅಳೆದೇ ಮಾಡಿದೆವು. ಒಂದೊಂದೇ ಚೀಲ ಹೇರಿ, ಗಾಡಿ ಎಷ್ಟು ಇಳಿಯಿತೆಂದು ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದೆ. ಹಿಂದೆ ಹಳೆಯ ಪಟ್ಟಿಗಳನ್ನು ಮತ್ತೆ ಬಾಗಿಸಿ, ಎರಡೇ ಎರಡು ಹೊಸವು. ಮುಂದೆ ಸ್ವಲ್ಪ ಎತ್ತರದ ಸುರುಳಿ ಸ್ಪ್ರಿಂಗು. ಟೈರು ಹಳೆಯದಕ್ಕಿಂತ ಒಂದೇ ಅಳತೆ ದೊಡ್ಡದು. ಲಕ್ಷ್ಮಿ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದಳು. ಎಲ್ಲಿಯೂ ಉಜ್ಜಲಿಲ್ಲ.

ಈ ಬೇಸಿಗೆಯ ಮೊದಲ ತಿರುಗಾಟಕ್ಕೇ, ಒಂದು ಬೆಳಿಗ್ಗೆ, ಗಬ್ಬೂರು ದಾಟಿ ಹಳ್ಳಕ್ಕೆ ಬಂದೆವು. ಲಕ್ಷ್ಮಿ ಮೊದಲ ಗೇರಿಗೆ ಹಾಕಿ ನಿಧಾನ ಇಳಿಸಿದಳು. ಕಲ್ಲು ಒಂದೊಂದೇ ಚಕ್ರದಡಿ ಹೊರಳಿದವು, ನೀರು ಚಿಮ್ಮಿತು, ಹಿಂದೆ ಡಬ್ಬಿಗಳು ಬಡಿದಾಡಿದವು. ಹೋದ ವರ್ಷ ಕೂತ ಅಂಚು ಬಂತು. ನಾನು ಕಣ್ಣು ಮುಚ್ಚಿ ಆ ಕರಕರ ಸದ್ದಿಗೆ ಕಾದೆ. ಬರಲಿಲ್ಲ. ಕಣ್ಣು ಬಿಟ್ಟಾಗ ಗಾಡಿಯ ಮೂತಿ ಆಕಾಶ ನೋಡುತ್ತಿತ್ತು. ಮರುಗಳಿಗೆ ಮಟ್ಟಕ್ಕೆ ಬಂತು. "ಏರಿತಕ್ಕಾ" ಎಂದಳು ಲಕ್ಷ್ಮಿ, ಎಲ್ಲೋ ದೂರದಿಂದ ಹೇಳುವವಳಂತೆ. ಅವಳ ಕಣ್ಣಲ್ಲಿ ನೀರಿತ್ತು, ಖಾರ ಇನ್ನೂ ಕುಟ್ಟಿರಲಿಲ್ಲ. ಹಾರ್ನ್ ಬಾರಿಸುತ್ತಾ ಊರೊಳಗೆ ಹೋಗಿ ಅಂಬವ್ವನ ಬಾಗಿಲಿಗೇ ನಿಲ್ಲಿಸಿದೆವು. ಇಡೀ ಓಣಿ ನೆರೆಯಿತು. ಅಂಬವ್ವ ಚಕ್ರವನ್ನೊಮ್ಮೆ ಮುಟ್ಟಿ ನೋಡಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

ನಾಲ್ಕು ಮಾತಾಡಬೇಕೆಂದು ನಾನು ಗಂಭೀರವಾಗಿ ಬಾಗಿಲು ತೆರೆದು ಕಾಲು ಇಳಿಬಿಟ್ಟೆ. ಕಾಲಿಗೆ ಏನೂ ಸಿಗಲಿಲ್ಲ. ಇನ್ನೂ ಸ್ವಲ್ಪ ಇಳಿಬಿಟ್ಟೆ, ಆಗಲೂ ಸಿಗಲಿಲ್ಲ. ಮೇಸ್ತ್ರಿಯ ಅಂಗಡಿಯಲ್ಲಿ ಸ್ಟೂಲಿನ ಮೇಲಿಂದ ಹತ್ತಿದ್ದೆ, ಮನೆಯಲ್ಲಿ ಎತ್ತರದ ಕಟ್ಟೆಯ ಮೇಲಿಂದ. ಗಾಡಿಯ ಮುಂದನ್ನೂ ಹಿಂದನ್ನೂ ತೂಗಿ, ಬೆರಳು ಬೆರಳು ಅಳೆದವಳಿಗೆ ತಾನು ಗಿಡ್ಡಿ ಎಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿ ಇಟ್ಟು ನಾನು ಊರಿನ ಮುಂದೆ ನೇತಾಡುತ್ತಿರಲು, ಅಂಬವ್ವ ಇಬ್ಬರು ಗಟ್ಟಿ ಹೆಂಗಸರನ್ನು ಕರೆದು, "ಟೀಚರಮ್ಮನ್ನ ಸಾವಕಾಶ ಇಳಸ್ರೇ" ಎಂದಳು. ಅವರು ರಟ್ಟೆಗೆ ಕೈ ಹಾಕಿ, ಮೆಣಸಿನಕಾಯಿ ಚೀಲ ಇಳಿಸಿದ ಹಾಗೆ ನನ್ನನ್ನು ಎತ್ತಿ ನೆಲದ ಮೇಲೆ ನಿಲ್ಲಿಸಿದರು. ನಾನು ಸೀರೆಯ ನಿರಿಗೆ ಸರಿಮಾಡಿಕೊಂಡು, ಇಳಿಯುವುದು ಹೀಗೆಯೇ ಎಂದು ಮೊದಲೇ ಯೋಚಿಸಿಟ್ಟಿದ್ದವಳಂತೆ, ಜರಡಿ ಕೇಳಿದೆ.