ಓಬಳಯ್ಯನವರ ನಾಲಿಗೆಗೆ ಬಜೆ

ಎಳೆಕೂಸು ಬೇಗ ಮಾತು ಕಲಿಯಲೆಂದು ಅಜ್ಜಿಯಂದಿರು ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ. ಮರಳೂರಿನ ಗಂಗಲಕ್ಷ್ಮಮ್ಮ ಆ ಬೆಳಿಗ್ಗೆ ಸವರಿದ್ದು ಐವತ್ತಾರು ವರ್ಷದ ಗಂಡನ ನಾಲಿಗೆಗೆ.

"ಥೂ! ಇದು ಬಜೆ ಅಲ್ಲ ಕಣೇ, ಸಜೆ!" ಓಬಳಯ್ಯನವರು ಕೂಸಿನಂತೆಯೇ ಕಿರುಚಿದರು.

"ನುಂಗ್ರೀ ಸುಮ್ನೆ. ಹಿಂದಿ ಬಂದ್ರೆ ನೀವು ಸೂಪರ್‌ವೈಸರ್ರು, ನಾನು ಸೂಪರ್‌ವೈಸರ್ ಹೆಂಡ್ತಿ!"

ಓಬಳಯ್ಯನವರು ಸ್ಟೋರ್ ಕೀಪರ್ ಆಗಿದ್ದ ಪೈಪ್ ಕಂಪನಿಯ ಹೆಡ್ ಆಫೀಸು ನಾಗಪುರದಲ್ಲಿತ್ತು. ಹಿಂದಿ ಅರ್ಥವಾಗುವ ಹಳಬರೊಬ್ಬರು ಅಲ್ಲಿಗೆ ಸೂಪರ್‌ವೈಸರಾಗಿ ಬೇಕಂತೆ. ಪರೀಕ್ಷೆ ಮಾಡಲು ಇವತ್ತು ಅಲ್ಲಿಂದ ಸಾಹೇಬರೇ ಬರುತ್ತಾರಂತೆ. ಹೆಂಡತಿಗೆ ಬಡ್ತಿ ಬೇಕು. ಗಂಡನಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬೇಕು. ಮೂವತ್ತು ವರ್ಷದಿಂದ ಅದನ್ನು ತಿನ್ನದೆ ಡ್ಯೂಟಿಗೆ ಹೋದವರಲ್ಲ. ಹೇಗಾದರೂ ಫೇಲಾಗಬೇಕು. ವಯಸ್ಸೊಂದೇ ಕಾಪಾಡಬೇಕು.

ಪಕ್ಕದ ಮನೆಯ ನಯಾಜ್ ಅಹಮದ್ ತಿಂಗಳಿಂದ ಪುಕ್ಕಟೆ ಟ್ಯೂಷನ್ ಕೊಟ್ಟಿದ್ದರು. ಸಾಲದ್ದಕ್ಕೆ ಇವತ್ತು ಇಡ್ಲಿ ಹೋಟೆಲಿಗೂ ಬೆನ್ನು ಹತ್ತಿ ಬಂದರು.

"ಅಣ್ಣ, ಹಿಂದೀಲಿ ಕೇಳಿದ್ರೇನೇ ಚಟ್ನಿ ಕೊಡು ಅಂತ ಸಪ್ಲೈಯರ್‌ಗೆ ಹೇಳ್ಬಿಟ್ಟಿದೀನಿ!"

"ಈ ವಯಸ್ಸಲ್ಲಿ ಎಲ್ಲಪ್ಪಾ ತಲೆಗೆ ಹತ್ತುತ್ತೆ? ಸುಟ್ಟ ಮಡಕೆನ ತಿರುಗ ತಟ್ಟಕ್ಕಾಗುತ್ತಾ?" ಎಂದು ಓಬಳಯ್ಯನವರು ಒಣ ಇಡ್ಲಿ ನುಂಗಿದರು. ಬಜೆ ನಾಲಿಗೆಗೆ ಅದೂ ಕಹಿ.

ಆಫೀಸಿನಲ್ಲಿ ಜೊತೆಗೆಲಸದ ಅಕ್ಷತಾ ಕಾದಿದ್ದಳು. ಇಪ್ಪತ್ಮೂರರ ಹುಡುಗಿ; ತಿಂಗಳಲ್ಲೇ ಹಿಂದಿ ಕಲಿತು, ನಾಲಿಗೆಯನ್ನು ತನ್ನೂರು ಕುಣಿಗಲ್ಲಿನ ಕುದುರೆಯಂತೆ ಓಡಿಸುತ್ತಿದ್ದಳು.

"ಅಂಕಲ್, ಏನ್ ಕೇಳಿದ್ರೂ 'ಜೀ ಹಾಂ' ಅನ್ನಿ. ಅರ್ಧ ಪಾಸು!"

"ಇನ್ನರ್ಧ?"

"ನಗ್ತಾ ಅನ್ನಿ!"

ಎರಡನ್ನೂ ಮಾಡಬಾರದೆಂದು ಓಬಳಯ್ಯನವರು ಹಲ್ಲು ಕಚ್ಚಿಕೊಂಡು ಒಳಗೆ ಹೋದರು. ಸಾಹೇಬರು ಹೆಸರು ಕೇಳಿದರು. ಇವರು ಫ್ಯಾನ್ ನೋಡಿದರು. ಊರು ಕೇಳಿದರು, ಗೋಡೆ ನೋಡಿದರು. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್, ಗುಬ್ಬಿಯ ನಾಗೇಶ್, ಇವರ ಪರವಾಗಿ ಬೆವರಿದರು.

ಕೊನೆಗೆ ಸಾಹೇಬರಿಗೇ ಕರುಣೆ ಬಂತು. ಫೈಲು ಮುಚ್ಚಿ, ಈ ವಯಸ್ಸಿನಲ್ಲಿ ಹೊಸ ಭಾಷೆ ಕಷ್ಟವೇ, ಬೇಸರ ಮಾಡಿಕೊಳ್ಳಬೇಡಿ, ನಾಗಪುರಕ್ಕೆ ಬೇರೆಯವರನ್ನು ಕಳಿಸುತ್ತೇವೆ, ನೀವು ನಿಶ್ಚಿಂತೆಯಾಗಿ ಇಲ್ಲೇ ಇರಿ ಎಂದರು.

ಓಬಳಯ್ಯನವರ ಎದೆಯಿಂದ ದೇವರಾಯನದುರ್ಗದ ಬೆಟ್ಟವೇ ಇಳಿದಂತಾಯಿತು. ಉಸಿರು ಬಿಟ್ಟ ರಭಸಕ್ಕೆ ಮೇಜಿನ ಕಾಗದ ಹಾರಿತು.

"ನಿಮ್ ಹೊಟ್ಟೆ ತಣ್ಣಗಿರ್ಲಿ ಸ್ವಾಮಿ! ನಾಗಪುರ ಯಾರಿಗ್ ಬೇಕು? ನಾನು ಇಲ್ಲೇ ಇರ್ತೀನಿ!" ಎಂದು ಸಾಹೇಬರ ಎರಡೂ ಕೈ ಹಿಡಿದು ಕುಲುಕಿದರು.

ಸಾಹೇಬರು ನಾಗೇಶರ ಮುಖ ನೋಡಿದರು. ನಾಗೇಶ್ ಎದ್ದು ಬಂದು ಓಬಳಯ್ಯನವರ ಬೆನ್ನು ತಟ್ಟಿದರು.

"ಕಂಗ್ರಾಜುಲೇಷನ್ಸ್ ಓಬಳಯ್ಯನೋರೇ! ಸಾಹೇಬ್ರಿಗೆ ಕನ್ನಡದ ಒಂದಕ್ಷರಾನೂ ಬರಲ್ಲ. ಈಗ ಹೇಳಿದ್ದಷ್ಟೂ ಹಿಂದೀನೇ! ಅರ್ಥ ಆದ್ರೆ ಸಾಕು, ಮಾತು ಅಲ್ಲಿ ಹೋದ್ಮೇಲೆ ತಾನಾಗೇ ಬರುತ್ತೆ."

ಅಷ್ಟರಲ್ಲೇ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ಅಕ್ಷತಾ ಅವರ ಮನೆಗೆ ಫೋನ್ ಮಾಡಿಯೂ ಆಗಿತ್ತು. ಸ್ಪೀಕರಿನಲ್ಲಿ ಗಂಗಲಕ್ಷ್ಮಮ್ಮನ ಗಂಟಲು: "ನಾನ್ ಹೇಳ್ಲಿಲ್ವಾ? ಬಜೆ ಅಂದ್ರೆ ಬಜೆ!"

ಓಬಳಯ್ಯನವರು ಕುರ್ಚಿಯಲ್ಲಿ ಕುಸಿದು, ದೀನರಾಗಿ ಸಾಹೇಬರನ್ನು ನೋಡಿದರು.

"ವಹಾಂ ತಟ್ಟೆ ಇಡ್ಲಿ ಮಿಲ್ತಾ ಹೈ ಕ್ಯಾ?"

ತಿಂಗಳಿಂದ ಬಾರದಿದ್ದ ವಾಕ್ಯ ತಾನಾಗೇ ಬಂದುಬಿಟ್ಟಿತ್ತು. ಸಾಹೇಬರು ನಕ್ಕು, "ನಹೀ" ಎಂದರು.

ಅದೂ ಅರ್ಥವಾಯಿತು.