ಎರಡು ಡ್ರಮ್ಮು, ಒಂದು ಪೈಪು ಮತ್ತು ಅತ್ತೆಯ ಕುಣಿತ

ನನಗೆ ‘ಬೇಡ’ ಎನ್ನಲು ಬರುವುದಿಲ್ಲ. ಇದು ಸೌಜನ್ಯವೆಂದು ನೀವು ತಿಳಿದರೆ ನನ್ನ ಅಭ್ಯಂತರವೇನಿಲ್ಲ, ಆದರೆ ನಿಜವಾಗಿ ಇದು ಬೆಳೆದ ಊರಿನ ಗುಣ. ಉರಿಗಾಂನ ಗಣಿ ಕಾರ್ಮಿಕರ ಸಾಲುಮನೆಗಳ ನಮ್ಮ ಲೈನಿನಲ್ಲಿ ಎಡಗಡೆ ಮನೆಯವರದು ತಮಿಳು, ಬಲಗಡೆಯವರದು ತೆಲುಗು, ನಮ್ಮದು ಕನ್ನಡ. ಯಾರು ಏನು ಕೇಳಿದರೂ ಅರ್ಥವಾಗುವ ಮೊದಲೇ ತಲೆಯಾಡಿಸಿಬಿಟ್ಟರೆ ತಕರಾರಿಲ್ಲ ಎಂದು ಚಿಕ್ಕಂದಿನಲ್ಲೇ ಕಂಡುಕೊಂಡೆ. ಹೀಗಾಗಿ ಹೂಂ, ಆಮಾ, ಅವುನು ಮೂರೂ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತವೆ. ಹೀಗೆ ಹೂಂಗುಟ್ಟಿಯೇ ನಾನು ನೆಂಟರಿಷ್ಟರ ಸಮಾರಂಭಗಳಿಗೆಲ್ಲ ಪುಕ್ಕಟೆ ವಿಡಿಯೊಗ್ರಾಫರ್ ಆದದ್ದು. ವಾರವೆಲ್ಲ ಬಂಗಾರಪೇಟೆಯ ಗೊಬ್ಬರದಂಗಡಿಯಲ್ಲಿ ಬಿಲ್ ಬರೆಯುತ್ತೇನೆ, ಭಾನುವಾರ ಕಲಾವಿದನಾಗುತ್ತೇನೆ.

ಬೇತಮಂಗಲದಲ್ಲಿ ಹೆಂಡತಿಯ ತಮ್ಮನ ಮಗಳು ದೊಡ್ಡವಳಾದ ಆರತಿಯನ್ನು ಚಿತ್ರೀಕರಿಸಿದವನೂ ನಾನೇ. ಅಂದು ನಡೆಯಬಾರದ್ದೊಂದು ನಡೆಯಿತು. ನಮ್ಮತ್ತೆ ಕುಣಿದರು. ನಮ್ಮತ್ತೆ ನಕ್ಕದ್ದನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ಅಂಥವರು ಊಟದ ಪಂಕ್ತಿ ಮುಗಿದ ಮೇಲೆ ತಮಟೆಯ ಪೆಟ್ಟಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುನಗುತ್ತ ಹಿತ್ತಿಲಿಗೆ ಇಳಿದೇಬಿಟ್ಟರು. ಇಳಿಯುವ ಮೊದಲು ಎಲ್ಲರನ್ನೂ ಗದರಿಸಿ ಫೋನುಗಳನ್ನು ಜೇಬಿಗೆ ಹಾಕಿಸಿದ್ದರು. ಮೂಲೆಯಲ್ಲಿ ಕಾಲೂರಿ ನಿಂತಿದ್ದ ನನ್ನ ಕ್ಯಾಮೆರಾ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಆ ಮೇಲೆ ಅವರ ಮಂಡಿ ಊದಿಕೊಂಡಿತು, ಇನ್ನು ಮೆಟ್ಟಿಲು ಹತ್ತುವುದೂ ಕಷ್ಟವೆಂದು ಡಾಕ್ಟರು ಹೇಳಿದರು. ಸಮಾರಂಭಕ್ಕೆ ಬರಲಾಗದಿದ್ದ ಅವರ ಅಕ್ಕ ಮಾತ್ರ, “ನೀನು ಕುಣಿದ್ಯಾ? ಏಳ್ದೋರ್ಗೆ ಬುದ್ದಿ ಇಲ್ಲ, ಕೇಳ್ದೋರ್ಗೂ ಬುದ್ದಿ ಬ್ಯಾಡ್ವಾ?” ಎಂದು ನಂಬಲೇ ಇಲ್ಲ. ಅಲ್ಲಿಯವರೆಗೆ ನಾಚಿಕೊಳ್ಳುತ್ತಿದ್ದ ಅತ್ತೆಗೆ ರೋಷ ಬಂತು. “ಬರೋ ಭಾನುವಾರ ಅಕ್ಕನ್ನ ಕರುಸ್ತೀನಿ, ವಿಡಿಯೊ ತತ್ತೀರಾ ಅಳಿಯಂದ್ರೆ?” ಎಂದು ಫೋನು ಮಾಡಿದರು. ನಾನು ಹೂಂ ಎಂದೆ.

ವಿಡಿಯೊವನ್ನು ಕತ್ತರಿಸಿ ಜೋಡಿಸಲು ಕೂತರೆ ನನ್ನ ಕಂಪ್ಯೂಟರು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಸಿಗ್ನಲ್ ಸಿಗದ ಪ್ಯಾಸೆಂಜರಿನಂತೆ ನಿಂತುಬಿಡುತ್ತಿತ್ತು. ವಿಡಿಯೊಗಳನ್ನು ಕೂಡಿಡಲೆಂದೇ ಅದರಲ್ಲೊಂದು ಎಸ್ಸೆಸ್ಡಿ ಡ್ರೈವು ಇತ್ತು. ಬಿಸ್ಕತ್ತಿಗಿಂತ ತೆಳ್ಳಗಿನ ವಸ್ತು, ಓಟದಲ್ಲಿ ಹಳೇ ಹಾರ್ಡ್ ಡಿಸ್ಕನ್ನು ಮೀರಿಸುತ್ತದೆ. ಅದೂ ಸಾಲದೆಂದು ಕಂಪ್ಯೂಟರ್ ಅಂಗಡಿಯ ರೆಡ್ಡಪ್ಪನಲ್ಲಿ ದುಃಖ ತೋಡಿಕೊಂಡೆ. “ಅದೇ ತರದ್ದು ಇನ್ನೊಂದು ತಕಂಡು ರೇಡ್ ಮಾಡ್ಬುಡಿ ಸಾರ್. ಜೋಡಿ ಎತ್ತು ಕಟ್ಟಿದಂಗೆ. ಕೆಲ್ಸಾನ ಅರ್ದ ಅದು ಎಳೀತದೆ, ಅರ್ದ ಇದು ಎಳೀತದೆ. ಕಂಪ್ಯೂಟರ್ಗೆ ಎರಡೂ ಸೇರಿ ಒಂದೇ ಡ್ರೈವು,” ಎಂದ. ಎತ್ತು ಕಟ್ಟುವ ಮೊದಲು ಏನು ಮಾಡಬೇಕೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಏಕೆ ಕೇಳಲಿಲ್ಲವೆಂದರೆ ನನಗೆ ಗೊತ್ತಿತ್ತು. ನಮ್ಮ ಕಡೆ ನಲ್ಲಿಯಲ್ಲಿ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಆದ್ದರಿಂದ ಪ್ರತಿ ಮನೆಯ ಮುಂದೆಯೂ ನೀಲಿ ಡ್ರಮ್ಮುಗಳಿರುತ್ತವೆ. ನಾನು ನಮ್ಮ ಎರಡು ಡ್ರಮ್ಮುಗಳ ಬುಡಕ್ಕೆ ತೂತು ಕೊರೆದು ನಡುವೆ ಒಂದು ಪೈಪು ಕೂರಿಸಿದ್ದೆ. ಒಂದಕ್ಕೆ ನೀರು ಬಿಟ್ಟರೆ ಎರಡೂ ಸಮನಾಗಿ ತುಂಬುತ್ತವೆ. ಇಡೀ ಲೈನೇ ಬಂದು ನೋಡಿಕೊಂಡು ಹೋಗಿತ್ತು. ನನ್ನ ಬದುಕಿನ ಏಕೈಕ ಎಂಜಿನಿಯರಿಂಗ್ ಇದು. ಡ್ರೈವುಗಳೂ ಹಾಗೆಯೇ ತಾನೆ? ಜೋಡಿಸಿದೊಡನೆ ಹಳೆಯದರಲ್ಲಿದ್ದ ವಿಡಿಯೊ ತಾನಾಗಿ ಹರಿದು ಹೊಸದರೊಳಗೂ ಅರ್ಧ ತುಂಬಿಕೊಳ್ಳುತ್ತದೆ ಎಂದು ನಂಬಿದೆ.

ಶನಿವಾರ ಹೊಸ ಡ್ರೈವನ್ನು ಕೂರಿಸಿದೆ. ಕಂಪ್ಯೂಟರಿನ ಒಳಮನೆಗೆ ಹೋಗುವ ನೀಲಿ ಪರದೆ ತೆರೆದೆ. ರೇಡ್ ಎಂಬುದನ್ನು ಹುಡುಕಿ ಒತ್ತಿದೆ. ಅದು ಇಂಗ್ಲಿಷಿನಲ್ಲಿ ದೊಡ್ಡದೊಂದು ವಾಕ್ಯ ತೋರಿಸಿ, ಹೌದೋ ಅಲ್ಲವೋ ಎಂದು ಕೇಳಿತು. ವಾಕ್ಯದ ನಡುವೆ ‘ಅಳಿಸಲಾಗುವುದು’ ಎಂಬರ್ಥದ ಮಾತು ಇದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದದ್ದು ತಲೆಗೆ ಮುಟ್ಟುವಷ್ಟರಲ್ಲಿ ಬೆರಳು ಹೌದು ಎಂದಾಗಿತ್ತು. ಎರಡು ಡ್ರೈವುಗಳು ಕ್ಷಣದಲ್ಲಿ ಒಂದಾದವು. ಆ ಜೋಡಿ ಡ್ರೈವು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಅಂಥ ವೇಗವನ್ನು ನಾನು ಕಂಡೇ ಇರಲಿಲ್ಲ. ತೋರಿಸಲು ಮಾತ್ರ ಒಳಗೆ ಏನೂ ಇರಲಿಲ್ಲ.

ಕ್ಯಾಮೆರಾದ ಕಾರ್ಡನ್ನು ಬೇರೊಬ್ಬ ನೆಂಟರ ಮನೆಯ ನಾಮಕರಣಕ್ಕೆಂದು ಆಗಲೇ ಖಾಲಿ ಮಾಡಿದ್ದೆ. ಬಂಗಾರಪೇಟೆಗೆ ಓಡಿದೆ. ರೆಡ್ಡಪ್ಪ ಏನೇನೋ ತಿರುವಿ ನೋಡಿ, “ಅಯಿಪೋಯಿಂದಿ ಸಾರ್, ಎಲ್ಲಾ ಮುಗ್ದೋಯ್ತು,” ಎಂದು ಚಹಾ ತರಿಸಿದ. ನನ್ನ ಹೆಂಡತಿ ಸರೋಜಾಗೆ ಹೇಳಿದಾಗ ಅವಳು ಬೈಯಲಿಲ್ಲ. ಡ್ರಮ್ಮಿನ ತತ್ವವನ್ನು ಸಾವಧಾನವಾಗಿ ಕೇಳಿಸಿಕೊಂಡು, “ತೂತು ಕೊರೆಯೋಕೆ ಮುಂಚೆ ಡ್ರಮ್ನಲ್ಲಿದ್ದ ನೀರೆಲ್ಲ ಮೋರಿಗೆ ಬಗ್ಗಿಸಿದ್ರಲ್ಲ, ಅದು ಮರ್ತೋಯ್ತಾ?” ಎಂದಳು. ಆಮೇಲೆ, “ಅಮ್ಮ ಇನ್ಯಾವತ್ತೂ ಕುಣಿಯಾಕಾಗಲ್ಲ,” ಎಂದು ಅಡುಗೆಮನೆಗೆ ಹೋದಳು. ಬೈದಿದ್ದರೇ ವಾಸಿಯಿತ್ತು.

ಭಾನುವಾರ ಬೇತಮಂಗಲದ ಬಸ್ಸಿಳಿದಾಗ ನನ್ನ ಕೈಯಲ್ಲಿ ಬಾಳೆಹಣ್ಣು ಬಿಟ್ಟರೆ ಏನೂ ಇರಲಿಲ್ಲ. ನೆರೆದಿದ್ದ ನೆಂಟರ ನಡುವೆ ಅತ್ತೆಯ ಅಕ್ಕ ಟೀವಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಾಗಿತ್ತು. ನಡೆದದ್ದನ್ನು ತೊದಲುತ್ತ ಒಪ್ಪಿಸಿದೆ. “ನಾನ್ ಏಳ್ಲಿಲ್ವಾ? ಕುಣಿದಿದ್ರೆ ತಾನೆ ಇರಾಕೆ,” ಎಂದರು ಅಕ್ಕ. ಅತ್ತೆ ನನ್ನನ್ನೇ ನೋಡಿದರು.

“ಅಳಿಯಂದ್ರೆ, ನೀವು ಅದುನ್ನ ಎಷ್ಟು ದಪ ನೋಡಿದ್ದೀರಿ?”

“ಜೋಡಿಸೋಕೆ ಅಂತ ಬೇಕಾದಷ್ಟು ಸಲ ನೋಡಿದ್ದೀನಿ. ಒಂದೊಂದು ಹೆಜ್ಜೇನೂ ನೆನಪಿದೆ.”

“ಅಂಗಾರೆ ಒಳ್ಳೇದೇ ಆಯ್ತು. ನನ್ ಮಂಡಿ ಕೇಳಲ್ಲ. ನೀವೇ ಕುಣಿದು ತೋರ್ಸಿ.”

ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ ಹೂಂ ಎಂಬುದೇ ಹೊರಬಂತು. ಅತ್ತೆ ಹಿತ್ತಾಳೆಯ ತಟ್ಟೆ ಬಡಿಯತೊಡಗಿದರು. ಟವಲ್ಲನ್ನು ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿ, ಎಡಗಾಲನ್ನು ಅವರಂತೆಯೇ ತಟ್ಟಿ, ಕತ್ತನ್ನು ಅವರಂತೆಯೇ ಕೊಂಕಿಸಿ, ಗೊಬ್ಬರದಂಗಡಿಯ ಗುಮಾಸ್ತನಾದ ನಾನು ನಡುಮನೆಯಲ್ಲಿ ಕುಣಿದೆ. ಮೊದಮೊದಲು ನಗುತ್ತಿದ್ದ ಅಕ್ಕ ನಡುವೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ಇದು ನಿಂದೇ ಕಣೇ,” ಎಂದರು, ತಂಗಿಯ ಕೈ ಹಿಡಿದು. “ಚಿಕ್ಕೋಳಾಗಿದ್ದಾಗ ಕಪಿಲೆ ಬಾವಿ ತಾವ ಇಂಗೇ ಕತ್ತು ತಿರುವ್ತಿದ್ದೆ, ಅಪ್ಪನತ್ರ ಏಟು ತಿಂತಿದ್ದೆ.” ಆಗ ನಮ್ಮತ್ತೆ ಎರಡನೆಯ ಸಲ ನಕ್ಕರು. ನನಗೂ ಕಣ್ಣು ತುಂಬಿತು, ಅರ್ಧ ಏದುಸಿರಿಗೆ.

ನಾನು ಕುಣಿಯುವಾಗ ಅತ್ತೆ ಯಾರ ಫೋನನ್ನೂ ಜೇಬಿಗೆ ಹಾಕಿಸಿರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು. ಈಗ ನನ್ನ ಕುಣಿತ ಬೇತಮಂಗಲದಿಂದ ಬಂಗಾರಪೇಟೆಯವರೆಗೆ ಪ್ರತಿ ನೆಂಟನ ಫೋನಿನಲ್ಲೂ ಇದೆ. ಯೂರಿಯಾ ಕೊಳ್ಳಲು ಬಂದವರು ಕತ್ತು ಕೊಂಕಿಸಿ ಬಿಲ್ ಕೇಳುತ್ತಾರೆ. ಅತ್ತೆಯ ಕುಣಿತವನ್ನು ಒಂದೇ ಬೆರಳಿನಲ್ಲಿ ಒರೆಸಿ ಹಾಕಿದ ನನಗೆ ಇದನ್ನು ಒರೆಸುವ ದಾರಿಯೇ ಇಲ್ಲ. ಮೊನ್ನೆ ಸರೋಜಾ ಅದನ್ನು ನನ್ನ ಕಂಪ್ಯೂಟರಿಗೂ ಕಳಿಸಿದಳು. ಇದನ್ನು ಉಳಿಸಬೇಕೇ ಎಂದು ಅದು ಕೇಳಿತು. ಈ ಸಲ ಪೂರ್ತಿ ಓದಿದೆ, ಎರಡು ಸಲ ಓದಿದೆ, ‘ಬೇಡ’ ಎಂಬುದರ ಮೇಲೆ ಬೆರಳನ್ನೂ ಇಟ್ಟೆ. “ಉಳುಸ್ಕೊಳಿ, ಅದು ನಮ್ಮಮ್ಮನ ಕುಣಿತ,” ಎಂದಳು ಸರೋಜಾ, ಹಿಂದಿನಿಂದ.

ನಾನು ಹೂಂ ಎಂದೆ.